ಸಿಹಿನೀರಿನಲ್ಲಿ ಹಸಿವು

ಸಾರಾಯಿ ಭಟ್ಟಿಗೆಂದು ಸಕ್ಕರೆ ನೀರು ತುಂಬಿಟ್ಟಿದ್ದ ಗಡಿಗೆಯೊಳಗೆ ಎಳೆಯ ಯೀಸ್ಟಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಎಷ್ಟು ತಿಂದರೂ ಮೈಗೆ ಹತ್ತುತ್ತಿರಲಿಲ್ಲ.

"ಇನ್ನೂ ತಿನ್ನು, ನನಗೇನು ಬರವೇ?" ಎಂದಿತು ಸಕ್ಕರೆ.

"ನೀನು ಓಡಾಡಲು ಬಲ ಕೊಡುತ್ತೀಯೆ, ಮೈ ಕೊಡುವುದಿಲ್ಲ. ಹೀಗಾದರೆ ನನಗೊಂದು ಮರಿಯೂ ಹುಟ್ಟದು," ಎನ್ನುತ್ತ ಯೀಸ್ಟ್ ಮೇಲಕ್ಕೂ ಕೆಳಕ್ಕೂ ಅಲೆಯಿತು.

ತಳದಲ್ಲಿ, ಹಿಂದಿನ ಸಲದ ಭಟ್ಟಿಯಿಂದ ಉಳಿದಿದ್ದ ಮುದಿ ಯೀಸ್ಟ್ ಕೊನೆಯುಸಿರು ಎಳೆಯುತ್ತಿತ್ತು. "ಮಗಳೇ, ನಿನಗೆ ಬೇಕಾದ ಸತ್ವ ನನ್ನ ಮೈಯಲ್ಲಿದೆ. ನಾನು ಸತ್ತು ಕರಗಿದ ಮೇಲೆ ಅಂಜದೆ ತಿನ್ನು."

"ನಿಮ್ಮನ್ನು ಹೇಗೆ ತಿನ್ನಲಿ, ಅಜ್ಜಿ?"

"ನಾನೂ ಹೀಗೇ ಬೆಳೆದವಳು."

ಅಜ್ಜಿ ಕರಗಿಹೋಯಿತು. ಯೀಸ್ಟ್ ಅಳುತ್ತಲೇ ತಿಂದಿತು. ಮರಿಗಳ ಮೇಲೆ ಮರಿ ಹುಟ್ಟಿ ಗಡಿಗೆ ನೊರೆಯುಕ್ಕಿತು.

"ಎಲ್ಲ ನನ್ನ ಸಿಹಿಯ ಮಹಿಮೆ," ಎಂದಿತು ಸಕ್ಕರೆ. ಮರಿಗಳು ನಂಬಿದವು.

ಯೀಸ್ಟ್ ಅವುಗಳನ್ನು ತಳಕ್ಕೆ ಕರೆದೊಯ್ದು, ಅಜ್ಜಿ ಮಲಗಿದ್ದ ಜಾಗ ತೋರಿಸಿತು.