ಜಕ್ಕಪ್ಪ ಬಿಗಿಯದೆ ಬಿಟ್ಟ ಹಗ್ಗ

ಬಹಳ ಹಿಂದೆ, ನಮ್ಮಜ್ಜನ ಅಜ್ಜನೂ ಹುಟ್ಟದ ಕಾಲದಲ್ಲಿ, ಒಂದೂರಿನಲ್ಲಿ ಜಕ್ಕಪ್ಪನೆಂಬ ಹೊರಸು, ಅಂದರೆ ಹಗ್ಗದ ಮಂಚ, ಹೆಣೆಯುವವನಿದ್ದನಂತೆ. ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ, ಇನ್ನೂ ಮೀಸೆ ಮೂಡದ ವಯಸ್ಸು, ಹೆಗಲಿಗೆ ಪುಂಡಿನಾರಿನ ಹಗ್ಗ ಹಾಕಿಕೊಂಡು ಮನೆ ಬಿಟ್ಟನಂತೆ. ಆಮೇಲೆ ಅವನ ಕಾಲು ಒಂದೆಡೆ ನಿಂತದ್ದಿಲ್ಲ. ಅವನು ಹೆಣೆದ ಹೊರಸಿನ ಮೇಲೆ ಹಾವಿಗೂ ನಿದ್ದೆ ಹತ್ತುತ್ತಿತ್ತು ಅನ್ನುತ್ತಾರೆ. ಅವನಿಗೆ ಮಾತ್ರ ಹತ್ತುತ್ತಿರಲಿಲ್ಲ.

ತಿರುಗುತ್ತ ತಿರುಗುತ್ತ ಹೊಳೆದಂಡೆಯ ಒಂದು ಕಬ್ಬಿನೂರಿಗೆ ಬಂದ. ಅಲ್ಲಿ ಅಡಿವೆಪ್ಪ ಅಂತ, ಬೆಲ್ಲದ ಪಾಕ ಹಿಡಿಯುವುದರಲ್ಲಿ ಎತ್ತಿದ ಕೈ. ಕೊಪ್ಪರಿಗೆ ಇಳಿಸುವ ಗಳಿಗೆ ತನ್ನ ಕಣ್ಣಿಗಷ್ಟೇ ಗೊತ್ತು ಅಂತ, ಗಾಣ ನಡೆಯುವ ನಾಲ್ಕು ತಿಂಗಳೂ ಹಗಲು ರಾತ್ರಿ ಒಲೆ ಬಿಟ್ಟು ಏಳುತ್ತಿರಲಿಲ್ಲ. ಅವನಿಗೆ ಸಿಹಿಮೂತ್ರದ ಬೇನೆ. ಉಚ್ಚೆ ಹೊಯ್ದಲ್ಲಿ ಇರುವೆ ಸಾಲುಗಟ್ಟುತ್ತಿದ್ದವಂತೆ. ಬೆಲ್ಲ ನಾಲಿಗೆಗೆ ಸೋಕಿಸದಿದ್ದರೂ, ಹಾಗಲರಸ ಕುಡಿದರೂ ಇರುವೆ ಬಿಡಲಿಲ್ಲ, ಹೆಬ್ಬೆರಳಿನ ಹುಣ್ಣು ಮಾಯಲಿಲ್ಲ. ಮಾತಾಡಿಸಿದರೆ ಕಟ್ಟಿಗೆ ಎತ್ತುತ್ತಿದ್ದ. ಒಬ್ಬನೇ ಕೂತು ಅಳುತ್ತಲೂ ಇದ್ದನಂತೆ. ಹುಣ್ಣು ಮೇಲೇರಿದರೆ ಕಾಲು ಹೋಯಿತು, ಕಾಲಿನ ಹಿಂದೆ ಜೀವವೂ ಹೋಯಿತು ಅಂತ ಹೆಂಡತಿ ಸತ್ಯವ್ವ ಜಕ್ಕಪ್ಪನ ಮುಂದೆ ಸೆರಗು ಒಡ್ಡಿದಳು.

ಜಕ್ಕಪ್ಪ ಅಡಿವೆಪ್ಪನ ನಿದ್ದೆಗೆಟ್ಟ ಕೆಂಪುಗಣ್ಣು ನೋಡಿದ. ತನ್ನ ಅಪ್ಪನಿಗೂ ಇಂಥವೇ ಕಣ್ಣಿದ್ದವಂತೆ. ಅಪ್ಪನನ್ನು ಮಣ್ಣು ಮಾಡಿದ ಮರುದಿನವೇ ಅವನು ಮನೆ ಬಿಟ್ಟಿದ್ದು.

ಹಾಗಲರಸ ಬಿಡಬೇಡ ಅಂತ ಅಡಿವೆಪ್ಪನಿಗೆ ಅಂದ, ಹೊರಸು ಹೆಣೆದುಕೊಟ್ಟ. ಹೊಸ ಹೊರಸಿನ ಪದ್ಧತಿಯೇ ಹಾಗೆ: ಮೊದಲು ಮೈಭಾರಕ್ಕೆ ಹಗ್ಗ ಜಗ್ಗಬೇಕು, ಆಮೇಲೆ ಕಾಲಕಡೆಯಿಂದ ಎಳೆದು ಬಿಗಿಯಬೇಕು. ಏಳು ರಾತ್ರಿ ಮಲಗು, ಬಂದು ಬಿಗಿಯುತ್ತೇನೆ ಅಂದ.

ಎಂಟನೆಯ ಮುಂಜಾನೆ ಬಂದು ಹಗ್ಗದ ಮೇಲೆ ಅಂಗೈ ಆಡಿಸಿದ. ಮಗ್ಗುಲು ಹೊರಳಿದ ಗುರುತಿಲ್ಲ. ನಟ್ಟನಡುವೆ ಚೌಕಾದ ಕುಳಿ.

"ಅಡಿವೆಪ್ಪಣ್ಣ, ನಿನ್ನ ಬೆನ್ನು ಚೌಕ ಐತೇನೋ? ಬೆಲ್ಲದ ಪೆಂಟಿ ಮಲಗಿಸಿ ನನಗ ಟೊಪಗಿ ಹಾಕ್ತೀಯಾ?"

ಅಡಿವೆಪ್ಪ ತಲೆ ತಗ್ಗಿಸಿದ. "ಕಣ್ಣು ಮುಚ್ಚಿದ್ರ ಪಾಕ ತಳ ಹತ್ತತೈತೋ ಯಪ್ಪಾ."

"ಇಪ್ಪತ್ತು ವರ್ಷ ಆ ಒಲಿಗೆ ಕಟ್ಟಿಗಿ ಒಟ್ಟಿದಾಕಿ ನಾನು," ಅಂದಳು ಸತ್ಯವ್ವ. "ನನ್ನ ಕಣ್ಣೇನು ಗೋಲಿಗುಂಡೇನು?" ಅವನ ಕೈಯ ಸಟ್ಟುಗ ಕಿತ್ತುಕೊಂಡಳು.

ಅಡಿವೆಪ್ಪ ಮಲಗಿದವನು ಮರುದಿನ ಹೊತ್ತೇರಿದ ಮೇಲೆ ಎದ್ದನಂತೆ. ಬೆಲ್ಲ ಬಂಗಾರದ ಬಣ್ಣಕ್ಕೆ ಬಂದಿತ್ತಂತೆ. ಅವನು ಅದನ್ನು ನೋಡಿದ, ಅಂದು ರಾತ್ರಿಯೂ ಮಲಗಿದ. ಹೀಗೆ ತಿಂಗಳು ಕಳೆಯುವುದರಲ್ಲಿ ಇರುವೆಯ ಸಾಲು ತೆಳುವಾಯಿತು, ಹುಣ್ಣಿನ ಬಾಯಿ ಒಣಗತೊಡಗಿತು. ಒಂದು ದಿನ ನಕ್ಕನಂತೆ. ಗಾಣದ ಎತ್ತುಗಳು ಕಿವಿ ನಿಮಿರಿಸಿದವಂತೆ. ಬೇನೆ ಹೋಗಲಿಲ್ಲ. ಪಳಗಿತು.

ಈಗಲೂ ಆ ಊರಲ್ಲಿ ಒಲೆಯ ಮುಂದೆ ಸರದಿಯ ಮೇಲೆ ಇಬ್ಬರು ಕೂರುತ್ತಾರೆ. ಮುಂಜಾನೆ ಎದುರಾದವರನ್ನು ಮೊದಲು ಕೇಳುವ ಮಾತು, "ಹೊರಸು ಜಗ್ಗಿತೇನು?" ಹೊಸ ಹೊರಸಿನ ಕಾಲಕಡೆಯ ಒಂದು ಹಗ್ಗ ಬಿಗಿಯದೆ ಬಿಡುತ್ತಾರೆ. ಜಕ್ಕಪ್ಪ ಬಂದು ಬಿಗಿಯಲಿ ಅಂತ.

ಊರು ಬಿಡುವ ದಿನ ಜಕ್ಕಪ್ಪ ಆ ಹೊರಸಿನ ಮೇಲೆ ಮತ್ತೆ ಅಂಗೈ ಆಡಿಸಿದನಂತೆ. ಒಂದು ಬೆನ್ನು, ಒಂದು ಮಡಿಸಿದ ಮೊಣಕಾಲು, ಮನುಷ್ಯನ ಕುಳಿ. ನೀನೂ ಒಂದು ರಾತ್ರಿ ಇಲ್ಲೇ ಅಡ್ಡಾಗು ಅಂತ ಅಡಿವೆಪ್ಪ ಕೈ ಹಿಡಿದನಂತೆ. ಜಕ್ಕಪ್ಪ ಎಲ್ಲ ಹಗ್ಗ ಬಿಗಿದ, ಒಂದನ್ನು ಬಿಟ್ಟ. ಇದನ್ನ ಬಿಗಿಯಾಕ ಮತ್ತ ಬರ್ತೀನಿ ಅಂದ. ಉಳಿದ ಪುಂಡಿನಾರನ್ನು ಮೊಣಕೈಗೆ ಸುತ್ತಿ ಸಿಂಬಿ ಮಾಡಿ, ಹೆಗಲಿಗೇರಿಸಿದನಂತೆ.