ಕೊನೆಯ ಮಣಿಯ ಸರದಿ

ಇಡೀ ಜಪಸರ ನನ್ನೊಬ್ಬನಿಗೇ ಮನಸ್ಸು ಬಿಚ್ಚಿ ಹೇಳಿದ ಕಥೆಯಿದು. ಸುಳ್ಳು, ನಾನು ಕದ್ದು ಕೇಳಿದ್ದು.

ಅಪೊಲಿನ್ ಬಾಯಿ ದಿನವೂ ಕುಕ್ಕರ್ ಕೂಗುವುದರೊಳಗೆ ಜಪಸರ ಮುಗಿಸುವವಳು. ಅಂದು ಯೇಸು ಹುಟ್ಟಿದ ರಹಸ್ಯವನ್ನು ಧ್ಯಾನಿಸುವ ಮಣಿಗಳಿಗೆ ಬಂದ ಬೆರಳು ಒಂದೇ ಮಣಿಯ ಮೇಲೆ ನಿಂತುಬಿಟ್ಟಿತು. ಕುಕ್ಕರ್ ಕೂಗಿತು, ಬೆರಳು ಅಲ್ಲಾಡಲಿಲ್ಲ. ಕೊನೆಯ ಮಣಿಯ ಎದೆ ಧಸಕ್ಕೆಂದಿತು. ತನ್ನ ಸರದಿ ತಪ್ಪಿತಲ್ಲ!

“ಎಂಥ ಮಾರಾಯ, ನಿದ್ದೆ ಹೋದಳಾ? ಎಬ್ಬಿಸಿ ಈಚೆ ಕಳಿಸು!”

“ಮೆಲ್ಲಗೆ!” ಬೆರಳಡಿಯ ಮಣಿ ಪಿಸುಗುಟ್ಟಿತು. “ಅವಳು ಕೊಟ್ಟಿಗೆಯ ಗೋದಲಿಯ ಬಳಿ ಇದ್ದಾಳೆ. ಮಗು ಈಗಷ್ಟೇ ಕಣ್ಣು ಬಿಟ್ಟಿತು.”

“ಯಾವ ಮಗು?” ಎನ್ನುವಷ್ಟರಲ್ಲಿ ಆ ಬೆರಳಿನ ಬಿಸಿ ದಾರದಗುಂಟ ಹರಿದು ಬಂತು. ಯಾರೂ ಮುಟ್ಟದೆಯೇ ಕೊನೆಯ ಮಣಿ ಬೆಚ್ಚಗಾಯಿತು, ತನ್ನ ಸರದಿಯನ್ನೇ ಮರೆಯಿತು.

ಸರದಿಯ ಮಾತು ಬಂತಲ್ಲ, ಇವತ್ತಿನ ಚಹಾದ ದುಡ್ಡು ನಿಮ್ಮದು.