ಕಂಟಕ ನುಂಗಿದ ಮೀನು

“ಗುರುಗಳೇ, ಯಾವುದೇ ನಂಬಿಕೆಯನ್ನು ಮೊಟ್ಟಮೊದಲು ಹೇಳಿದವರು ಯಾರೋ ಒಬ್ಬರು ಇದ್ದೇ ಇರಬೇಕಲ್ಲ. ಅವರು ಅದನ್ನು ನಂಬಿದ್ದರೇ?” ಎಂದು ಶಿಷ್ಯ ಕೇಳಿದ. ಅವನು ಓದಿದವನು. ಯಾವ ಐತಿಹ್ಯ ಕಿವಿಗೆ ಬಿದ್ದರೂ ಅದರ ಬುಡ ಅಗೆದು ನೋಡದೆ ಬಿಡುವವನಲ್ಲ.

ಗುರುಗಳು ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ಉಪ್ಪಿನ ವರ್ತಕನಿದ್ದ. ಅವನ ನಡುಮನೆಯಲ್ಲಿ ಒಂದು ಗಾಜಿನ ತೊಟ್ಟಿ, ತೊಟ್ಟಿಯಲ್ಲಿ ಒಂದೇ ಒಂದು ಬಣ್ಣದ ಮೀನು. ಅಂದಕ್ಕೆಂದು ಸಾಕಿದ್ದಲ್ಲ. ಮನೆಗೆ ಬರುವ ಕಂಟಕವನ್ನು ಮೀನು ತನ್ನ ಮೇಲೆ ಎಳೆದುಕೊಂಡು ಸಾಯುತ್ತದೆ ಎಂಬ ಮಾತು ಆ ಪಟ್ಟಣದಲ್ಲಿ ಬಹಳ ಹಿಂದಿನಿಂದ ಇತ್ತು. ಉಪ್ಪು ತರಲು ಘಟ್ಟ ಇಳಿಯುವ ಕಾಲ ಹತ್ತಿರವಾದಾಗಲೆಲ್ಲ ವರ್ತಕ ಹೊಸ ಮೀನು ತಂದು ಬಿಡುತ್ತಿದ್ದ. ಅದು ಸಾಯುತ್ತಿತ್ತು. “ನನಗೆ ಬರಬೇಕಾದದ್ದು ಅದಕ್ಕೆ ಹೋಯಿತು” ಎಂದು ಅವನು ನಿಶ್ಚಿಂತೆಯಿಂದ ಗಾಡಿ ಹೂಡಿಸುತ್ತಿದ್ದ. ಕ್ಷೇಮವಾಗಿ ಮರಳುತ್ತಿದ್ದ. ಪ್ರತಿ ಸಲ ಮರಳಿದಾಗಲೂ ಆ ಮಾತು ಇನ್ನಷ್ಟು ಗಟ್ಟಿಯಾಗುತ್ತಿತ್ತು.

ಅವನ ಹೆಂಡತಿಗೆ ಮಾತ್ರ ಒಂದು ಸಂಗತಿ ಬಗೆಹರಿಯಲಿಲ್ಲ. ಮೀನು ಮಾರುವವನು ಪ್ರತಿ ಸಲವೂ, “ಗಟ್ಟಿ ಜಾತಿ ತಾಯಿ, ಗದ್ದೆಯ ಕೆಸರಿನಲ್ಲೂ ಬದುಕುತ್ತದೆ” ಎನ್ನುತ್ತಿದ್ದ. ಕೆಸರಿನಲ್ಲಿ ಬದುಕುವ ಮೀನು ತಿಳಿನೀರಿನಲ್ಲಿ ಏಕೆ ಸಾಯಬೇಕು? ಕಂಟಕವೇ ಕಾರಣವಾದರೆ, ಆ ಕಂಟಕ ಯಾವಾಗಲೂ ತೊಟ್ಟಿಯ ನೀರು ಬದಲಿಸಿದ ಮೇಲೆಯೇ ಏಕೆ ಬರಬೇಕು?

ತೊಟ್ಟಿಗೆ ನೀರು ಹೋಗುತ್ತಿದ್ದುದು ತಾಮ್ರದ ಹಂಡೆಯಿಂದ. ಅತ್ತೆ ಅದನ್ನು ಹುಣಸೆಹಣ್ಣು ಹಚ್ಚಿ ಥಳಥಳ ಬೆಳಗುತ್ತಿದ್ದರು. ತಾಮ್ರದಲ್ಲಿ ತಂಗಿದ ನೀರು ಶ್ರೇಷ್ಠವೆಂದು ಮನೆಯವರೆಲ್ಲ ಅದನ್ನೇ ಕುಡಿಯುತ್ತಿದ್ದರು. ಶ್ರೇಷ್ಠವಾದದ್ದನ್ನು ಮೀನಿಗೂ ಕೊಡುತ್ತಿದ್ದರು.

ಒಮ್ಮೆ ಹಂಡೆಯ ತಳ ಸೋರಿತು. ಅದು ಕಂಚುಗಾರನ ಬಳಿ ಇದ್ದಷ್ಟು ಕಾಲ ತೊಟ್ಟಿಗೆ ಮಣ್ಣಿನ ಮಡಕೆಯ ನೀರು ಬಿತ್ತು. ಆ ಸಲದ ಮೀನು ಸಾಯಲಿಲ್ಲ.

ಒಂದು ಸಲ ಆದದ್ದು ಆಕಸ್ಮಿಕವೂ ಆಗಿರಬಹುದೆಂದು ಅವಳು ಅಷ್ಟಕ್ಕೇ ಒಪ್ಪಲಿಲ್ಲ. ಹಂಡೆ ಮರಳಿ ಬಂದ ಮೇಲೆ ಎರಡು ಬಟ್ಟಲು ತೆಗೆದುಕೊಂಡಳು. ಒಂದಕ್ಕೆ ಮಡಕೆಯ ನೀರು, ಇನ್ನೊಂದಕ್ಕೆ ಹಂಡೆಯಲ್ಲಿ ತಂಗಿದ ನೀರು ಹಾಕಿ, ಕೆರೆಯಿಂದ ತಂದ ಒಂದೊಂದು ಬಸವನಹುಳುವನ್ನು ಬಿಟ್ಟಳು. ಮಡಕೆಯ ನೀರಿನ ಹುಳು ಬಟ್ಟಲಿನ ಅಂಚಿಗೆ ಹತ್ತಿತು. ಇನ್ನೊಂದು ಚಿಪ್ಪಿನೊಳಗೆ ಸೇರಿದ್ದು ಹೊರಗೆ ಬರಲೇ ಇಲ್ಲ. ಅಂದಿನಿಂದ ಅವಳು ಯಾರಿಗೂ ಹೇಳದೆ ತೊಟ್ಟಿಗೆ ಮಡಕೆಯ ನೀರನ್ನೇ ಹಾಕಿದಳು. ಮೀನು ಅವಳ ಬೆರಳಿನ ನೆರಳು ಕಂಡರೆ ಮೇಲೆ ಬರುವುದನ್ನು ಕಲಿಯಿತು. ಅದರ ಹೊಟ್ಟೆಯ ಕೆಂಪು ದಿನೇ ದಿನೇ ಏರಿತು.

ಘಟ್ಟ ಇಳಿಯುವ ಕಾಲ ಬಂತು. ಉಳಿದ ವರ್ತಕರ ಗಾಡಿಗಳು ಹೊರಟವು. ಇವನು ಹೊರಡಲಿಲ್ಲ. ತೊಟ್ಟಿಯ ಮುಂದೆ ಕೈಕಟ್ಟಿ ನಿಂತ.

“ಇವಳೇ, ಇದೇನು, ಇನ್ನೂ ಸತ್ತಿಲ್ಲವಲ್ಲ!”

“ಬದುಕಿದ್ದೂ ಒಂದು ತಪ್ಪೇ?”

“ಅದು ಬದುಕಿದೆಯೆಂದರೆ ಕಂಟಕ ನನಗಾಗಿ ಕಾದು ಕುಳಿತಿದೆ ಎಂದರ್ಥ. ನಿನಗೆ ನಗು! ನಿನ್ನ ಮಾಂಗಲ್ಯದ ಚಿಂತೆಯಾದರೂ ಬೇಡವೇ?”

ಅವಳು ಎಲ್ಲವನ್ನೂ ಹೇಳಿದಳು. ಬಟ್ಟಲುಗಳನ್ನು ತಂದು ತೋರಿಸಿದಳು. ವರ್ತಕ ದಡ್ಡನಲ್ಲ. ಚಿಪ್ಪನ್ನು ಎತ್ತಿ ನೋಡಿದ, ಮೂಸಿದ, ತಲೆದೂಗಿದ.

“ಹಾಗಾದರೆ ಹಂಡೆಯ ನೀರು ಬಿದ್ದರೆ ಇದು ಸಾಯುವುದು ಖಂಡಿತವೇ?”

“ಖಂಡಿತ.”

“ಮತ್ತೇನು ನೋಡುತ್ತ ನಿಂತೆ? ಒಂದು ತಂಬಿಗೆ ತಾ. ನಾಳೆಯೇ ಹೊರಡುತ್ತೇನೆ.”

ಅವಳು ಒಳಗೆ ಹೋಗಿ ತಂಬಿಗೆ ಹಿಡಿದು ಹಂಡೆಯ ಮುಂದೆ ನಿಂತಳು. ತನಗೆ ಗೊತ್ತಿದ್ದ ಸತ್ಯವನ್ನೆಲ್ಲ ಹೇಳಿಯಾಗಿತ್ತು. ಅದರಿಂದ ಆದದ್ದು ಇಷ್ಟೇ: ಮೀನನ್ನು ಕೊಲ್ಲುವ ದಾರಿ ಗಂಡನಿಗೆ ತಿಳಿಯಿತು. ಅವಳು ತಂಬಿಗೆಯನ್ನು ಅಲ್ಲೇ ಬಿಟ್ಟು ಹೊರಗೆ ಬಂದಳು.

“ನಮ್ಮ ತವರಿನ ಕಡೆ ಬೇರೆಯೇ ಹೇಳುತ್ತಾರೆ” ಎಂದಳು. “ಸಾಯುವುದು ಕೈಲಾಗದ ಮೀನು. ಕಂಟಕ ಅದರ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಗಟ್ಟಿ ಮೀನು ಅದನ್ನು ನುಂಗಿ ಅರಗಿಸಿಕೊಳ್ಳುತ್ತದೆ. ಅರಗಿದಷ್ಟೂ ಕೆಂಪಾಗುತ್ತದೆ. ತಂದ ದಿನ ಇದು ಹೇಗಿತ್ತು, ಈಗ ಹೇಗಿದೆ, ನೀವೇ ನೋಡಿ.”

ವರ್ತಕ ಬಗ್ಗಿ ನೋಡಿದ. ಮೀನು ನಿಜಕ್ಕೂ ಕೆಂಪಾಗಿತ್ತು.

“ಅಯ್ಯೋ, ಇದನ್ನು ಮೊದಲೇ ಹೇಳಬಾರದಿತ್ತೇ!”

“ನೆನಪಾಗಲಿಲ್ಲ” ಎಂದಳು ಅವಳು. ಅವಳ ತವರಿನಲ್ಲಿ ಯಾರೂ ಎಂದೂ ಮೀನು ಸಾಕಿದವರಲ್ಲ.

ವರ್ತಕ ಹೊರಟ, ಮರಳಿ ಬಂದ, ಕಂಡವರಿಗೆಲ್ಲ ಹೇಳಿದ. ಮಾತು ಓಣಿಯಿಂದ ಓಣಿಗೆ ಹರಡಿತು. ಹೆಂಗಸರು ಬಂದು ಮೀನಿನ ಬಣ್ಣ ನೋಡಿದರು. ಯಾವ ನೀರು ಹಾಕುತ್ತೀರಿ ಎಂದು ಕೇಳಿ ತಿಳಿದುಕೊಂಡು ಹೋದರು. ಪಟ್ಟಣದ ತೊಟ್ಟಿಗಳಲ್ಲಿ ಮೀನುಗಳು ಸಾಯುವುದು ನಿಂತಿತು. ಒಂದು ದಿನ ಎಣ್ಣೆ ವರ್ತಕನ ಹೆಂಡತಿ ಬಂದು, “ಗಟ್ಟಿ ಮೀನು ಕಂಟಕವನ್ನು ಅರಗಿಸಿಕೊಳ್ಳುತ್ತದಂತೆ ಕಣ್ರೀ. ನಮ್ಮಜ್ಜಿಯ ಕಾಲದಿಂದಲೂ ಇರುವ ಮಾತು” ಎಂದು ಅವಳಿಗೇ ವಿವರಿಸಿದಳು. ಅವಳು ನಗು ತಡೆದುಕೊಂಡು, “ಹೌದೇ?” ಎಂದಳು.

ಮರುವರ್ಷ ಗಾಡಿಗಳು ಘಟ್ಟ ಇಳಿದ ಮೇಲೆ ಅಕಾಲದ ಮಳೆ ಹಿಡಿಯಿತು. ಉಳಿದವರ ಗಾಡಿಗಳು ಒಂದೊಂದಾಗಿ ಬಂದವು. ಅವಳ ಗಂಡನ ಗಾಡಿ ಬರಲಿಲ್ಲ. ಹೊಳೆ ದಾಟುವಲ್ಲಿ ದಾರಿ ಕೊಚ್ಚಿಹೋಗಿದೆ ಎಂಬ ಸುದ್ದಿಯನ್ನು ಯಾರೋ ತಂದರು. ಅತ್ತೆ ಬೆಳಗಾದೊಡನೆ ಬೀದಿಬಾಗಿಲಿಗೆ ಹೋಗಿ ದಾರಿ ನೋಡುತ್ತ ನಿಂತರು. ಸೊಸೆಯೂ ಎದ್ದಳು. ಅವಳು ಬಾಗಿಲಿಗೆ ಹೋಗಲಿಲ್ಲ. ನಡುಮನೆಗೆ ಹೋಗಿ ತೊಟ್ಟಿಯ ಮುಂದೆ ಮೊಣಕಾಲೂರಿ ಕುಳಿತು, ಗಾಜಿನ ಮೇಲಿನ ಮಂಜನ್ನು ಸೆರಗಿನಿಂದ ಒರೆಸಿ, ಮೀನಿನ ಹೊಟ್ಟೆಯ ಬಣ್ಣ ನೋಡಿದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕಾದ. ಕೊನೆಗೆ ಅವನೇ ಕೇಳಿದ: “ಬಣ್ಣ ಹೇಗಿತ್ತು?”

“ನೀನೂ ಬಣ್ಣವನ್ನೇ ಕೇಳಿದೆಯಲ್ಲ” ಎಂದರು ಗುರುಗಳು.